ಎಡಭುಜದ ಅರ್ಧ ಇಂಚು

ಮನುಷ್ಯರನ್ನು ಅಳೆಯುವುದರಲ್ಲಿ ತನ್ನನ್ನು ಮೀರಿಸುವವರು ಸಿಕಂದರಾಬಾದಿನಲ್ಲಿ ಯಾರೂ ಇಲ್ಲ ಎಂದು ಶಿವಶರಣಪ್ಪ ನಂಬಿದ್ದ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವನ ಎದೆ ಮೂವತ್ತೆಂಟೋ ನಲವತ್ತೋ ಎಂದು ಹೇಳಿಬಿಡುತ್ತಿದ್ದ. ಆಮೇಲೆ ಟೇಪು ಹಿಡಿಯುತ್ತಿದ್ದದ್ದು ಬರೀ ಗಿರಾಕಿಯ ಸಮಾಧಾನಕ್ಕೆ. ಇಂಥ ಕಣ್ಣಿನ ಮನುಷ್ಯ ಎರಡು ವಿಶ್ವವಿದ್ಯಾಲಯಗಳನ್ನು ಅಳೆಯಲು ಹೋಗಿ ನೆಲ ಕಚ್ಚಿದ. ಕೋಟು ತಪ್ಪಿದ್ದರೆ ಬಿಚ್ಚಿ ಹೊಲಿಯಬಹುದಿತ್ತು. ತಪ್ಪಿದ್ದು ಮಗಳ ವಿಷಯದಲ್ಲಿ.

ಅವನು ಬಸವಕಲ್ಯಾಣದ, ಹೊಲಿಗೆಯೇ ಕುಲಕಸುಬಾದ ಶಿವಶಿಂಪಿಗರ ಮನೆಯವನು. ಹದಿನೆಂಟನೆಯ ವಯಸ್ಸಿಗೆ ಸೋದರಮಾವನ ಬೆನ್ನು ಹತ್ತಿ ಹೈದರಾಬಾದಿಗೆ ಬಂದು, ಸ್ಟೇಷನ್ನಿನ ಹತ್ತಿರದ ಗಲ್ಲಿಯೊಂದರಲ್ಲಿ ರೈಲ್ವೆಯವರ ಕಪ್ಪು ಕೋಟು ಹೊಲಿಯುತ್ತ ದೊಡ್ಡವನಾದ. ಮಾವ ತೀರಿಕೊಂಡ ಮೇಲೆ ಅಂಗಡಿಗೆ ‘ಕಲ್ಯಾಣ ಟೇಲರ್ಸ್’ ಎಂದು ಹೊಸ ಬೋರ್ಡು ಹಾಕಿಸಿದ. ಮಲ್ಕಾಜ್‌ಗಿರಿಯಲ್ಲಿ ಎರಡು ಕೋಣೆಯ ಮನೆ, ಹೆಂಡತಿ ಸುಂದರಾಬಾಯಿ, ಒಬ್ಬಳೇ ಮಗಳು ಸೌಂದರ್ಯಾ. ಮನೆಯೊಳಗೆ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ಮೂರು ಭಾಷೆಯಲ್ಲಿ ಸಂಸಾರ ನಡೆದಿತ್ತು, ಮೂರರಲ್ಲೂ ಯಾರಿಗೂ ಎದುರು ಮಾತಾಡಿದವನಲ್ಲ.

ಆಮೇಲೆ ಮಾದಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸತೊಡಗಿದರು. ಊರಿನ ತುಂಬ ಕಂಪ್ಯೂಟರಿನ ಮಾತು. ಇಪ್ಪತ್ತೆರಡರ ಹುಡುಗರು ಕಂಪನಿಯ ಕ್ಯಾಬಿನಲ್ಲಿ ಕೂತು, ಕೊರಳಲ್ಲಿ ಗುರುತಿನ ಪಟ್ಟಿ ತೂಗಾಡಿಸುತ್ತ ಹೋಗುತ್ತಿದ್ದರು. ಆದರೆ ಅವರಲ್ಲಿ ಒಬ್ಬನೂ ದರ್ಜಿಯ ಮುಂದೆ ಕೈ ಅಗಲಿಸಿ ನಿಲ್ಲಲಿಲ್ಲ, ಎಲ್ಲರಿಗೂ ರೆಡಿಮೇಡ್ ಬೇಕು. ರೈಲ್ವೆಯವರೂ ಅದೇ ದಾರಿ ಹಿಡಿದರು. ಕಲ್ಯಾಣ ಟೇಲರ್ಸ್ ಬಾಗಿಲು ಹಾಕುವ ಹೊತ್ತಿಗೆ ಅದನ್ನು ಉಳಿಸಿದ್ದು ಎರಡು ವಿಶ್ವವಿದ್ಯಾಲಯಗಳ ಜಂಬ.

ಒಂದು ವಜ್ರಗಿರಿ, ಇನ್ನೊಂದು ಕಮಲಾಕರ. ವಜ್ರಗಿರಿ ಮಾದಾಪುರದ ಆಚೆ, ಔಷಧದ ಕಾರ್ಖಾನೆಯ ಸಾಹುಕಾರನೊಬ್ಬ ಕಟ್ಟಿಸಿದ್ದು. ಕಮಲಾಕರ ಮೇಡ್ಚಲ್ ರಸ್ತೆಯಲ್ಲಿ, ಜಮೀನು ವ್ಯಾಪಾರ ಮಾಡಿ ದುಂಡಗಾದವನೊಬ್ಬ ತಂದೆಯ ಹೆಸರಿನಲ್ಲಿ ಎಬ್ಬಿಸಿದ್ದು. ಎರಡಕ್ಕೂ ಹಾವು ಮುಂಗುಸಿಯ ಸಂಬಂಧ. ಒಬ್ಬರು ನೂರು ಮಕ್ಕಳಿಗೆ ನೌಕರಿ ಸಿಕ್ಕಿತೆಂದು ಹೋರ್ಡಿಂಗ್ ಹಾಕಿದರೆ, ಮರುವಾರ ಇನ್ನೊಬ್ಬರು ಅದರ ಎದುರಿಗೇ ನೂರಾಹತ್ತು ಎಂದು ಹಾಕುವರು. ವರ್ಷಕ್ಕೊಮ್ಮೆ ಇಬ್ಬರ ನಡುವೆ ಕ್ರಿಕೆಟ್ ಪಂದ್ಯ ನಡೆಯುತ್ತಿತ್ತು, ಅಂದು ಪೊಲೀಸ್ ವ್ಯಾನು ಬರದಿದ್ದರೆ ಪಂದ್ಯಕ್ಕೆ ಕಳೆಯಿಲ್ಲ. ಇಬ್ಬರಿಗೂ ಕೋಟು ಬೇಕು. ಇಬ್ಬರ ಕೋಟೂ ಶಿವಶರಣಪ್ಪನ ಕೈಯಿಂದ ಆಗಬೇಕು.

ವಜ್ರಗಿರಿಯಲ್ಲಿ ಚುನಾವಣೆ ಇಲ್ಲ, ವಿದ್ಯಾರ್ಥಿ ಸಂಘ ಇಲ್ಲ. ಸಾಹುಕಾರನ ಮಗ ಎರಡು ವರ್ಷ ಅಮೆರಿಕದಲ್ಲಿ ಓದಲು ಹೋಗಿದ್ದ. ಓದು ತಲೆಗೆ ಹತ್ತಲಿಲ್ಲ, ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಅಲ್ಲಿಯ ಹುಡುಗರ ಕೂಟಗಳು ಹತ್ತಿದವು. ಮರಳಿ ಬರುವಾಗ ಪದವಿಯ ಬದಲು ಆ ಅಕ್ಷರಗಳನ್ನು ತಂದ. ಹೀಗೆ ವಜ್ರಗಿರಿಯಲ್ಲಿ ಸಿಗ್ಮಾ, ಡೆಲ್ಟಾ, ಒಮೇಗಾ ಎಂದು ಆರು ಹೌಸುಗಳು ಹುಟ್ಟಿದವು. ಎಲ್ಲಕ್ಕೂ ಮೇಲಿನದು ಸಿಗ್ಮಾ. ಅದಕ್ಕೆ ಯಾರೂ ಅರ್ಜಿ ಹಾಕುವಂತಿಲ್ಲ. ಮೇಲಿನ ತರಗತಿಯ ದೊಡ್ಡ ಮಕ್ಕಳು ಒಂದು ವರ್ಷ ನಿಮ್ಮನ್ನು ದೂರದಿಂದ ನೋಡುತ್ತಾರೆ. ಹೇಗೆ ಕೂರುತ್ತೀರಿ, ಏನು ಉಡುತ್ತೀರಿ, ಯಾರ ಜೊತೆ ಉಣ್ಣುತ್ತೀರಿ ಎಂದು. ಎರಡನೆಯ ವರ್ಷ ಮೂವತ್ತು ಜನರನ್ನು ಚಹಾಕ್ಕೆ ಕರೆಯುತ್ತಾರೆ, ಹನ್ನೆರಡು ಜನರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಒಳಗೆ ಹೋದವರಿಗೆ ನೀಲಿ ಕೋಟು, ಶನಿವಾರದ ಔತಣ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ, ಮಾದಾಪುರದ ಗಾಜಿನ ಕಟ್ಟಡಗಳಲ್ಲಿ ಮೊದಲೇ ಹೋಗಿ ಕೂತ ಹಳೆಯ ಸಿಗ್ಮಾದವರು. ಅವರು ತಮ್ಮ ಕೋಟಿನವರಿಗೆ ಕುರ್ಚಿ ಹಿಡಿದಿಟ್ಟಿರುತ್ತಾರೆ. ಉಳಿದವರು ಸಾಲಿನಲ್ಲಿ ನಿಂತು ಇಂಟರ್‌ವ್ಯೂ ಕೊಡಬೇಕು.

ಕಮಲಾಕರದಲ್ಲಿ ಇಂಥ ನಾಜೂಕು ಇಲ್ಲ. ಚಂದಾ ಕೊಟ್ಟವನು ಸದಸ್ಯ, ಗಂಟಲು ಇದ್ದವನು ಕಾರ್ಯದರ್ಶಿ. ಚುನಾವಣೆ ಬಂತೆಂದರೆ ಗೋಡೆಯ ಮೇಲೆ ಬೆರಳಿಡುವಷ್ಟು ಜಾಗ ಬಿಡದಂತೆ ಪೋಸ್ಟರು. ಸೋತವನು ಗೆದ್ದವನ ಪೆಂಡಾಲು ಕೀಳುವುದು, ಮಾರನೆಯ ದಿನ ಇಬ್ಬರೂ ಒಂದೇ ತಟ್ಟೆಯಲ್ಲಿ ಬಿರಿಯಾನಿ ತಿನ್ನುವುದು.

ಶಿವಶರಣಪ್ಪ ಇವೆಲ್ಲವನ್ನೂ ಅಳೆದದ್ದು ತನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು. ಕಮಲಾಕರದಿಂದ ಬರುತ್ತಿದ್ದವನು ಅಮರಯ್ಯ, ಮಾನ್ವಿ ಕಡೆಯ ಹುಡುಗ, ಅಲ್ಲಿಯ ಸಾಂಸ್ಕೃತಿಕ ಸಂಘದ ಕಾರ್ಯದರ್ಶಿ. ಬಂದವನೇ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಕಾಲು ಆಡಿಸುವನು. ಡಬ್ಬಿ ತೆರೆದು ದರ್ಜಿಯ ಬುತ್ತಿಯ ರೊಟ್ಟಿ ಮುರಿಯುವನು. ಅರ್ಧ ತಾಸು ಚೌಕಾಸಿ ಮಾಡುವನು. ಮೊದಲ ದಿನವೇ ಬಾಯಿಬಿಟ್ಟು ಕೇಳಿದ್ದ:

“ಕಾಕಾ, ನೀವು ಯಾವ ಪೈಕಿರಿ?”

ಶಿವಶರಣಪ್ಪನಿಗೆ ಮೈ ಉರಿದಿತ್ತು. ಓದುವ ಹುಡುಗ ಜಾತಿ ಕೇಳುತ್ತಾನಲ್ಲ!

ಸಿಗ್ಮಾದಿಂದ ಬರುತ್ತಿದ್ದವನು ಋಷಭ್. ಬೆಂಗಳೂರಿನವನು, ಬಿಳಿ ಶರಟಿನ ಮಡಿಕೆ ಮುರಿಯದ ಹುಡುಗ. ಬೂಟನ್ನು ಹೊರಗೆ ಬಿಟ್ಟು ಒಳಗೆ ಬರುತ್ತಿದ್ದ. ಹೇಳಿದ ದಿನ ಬರುವನು, ಹೇಳಿದ್ದನ್ನು ಕೊಡುವನು, ಚೌಕಾಸಿಯ ಮಾತೇ ಇಲ್ಲ.

“ಚೆನ್ನಾಗಿದೀರಾ ಅಂಕಲ್? ಆಂಟಿ ಮಂಡಿನೋವು ಹೇಗಿದೆ?”

ಇಷ್ಟೇ. ಆದರೆ ಇಪ್ಪತ್ತು ವರ್ಷ ‘ಏ ಮಾಸ್ಟರ್’ ಅನ್ನಿಸಿಕೊಂಡ ಕಿವಿಗೆ ಹೈದರಾಬಾದಿನಲ್ಲಿ ಕನ್ನಡದಲ್ಲಿ ‘ಚೆನ್ನಾಗಿದೀರಾ’ ಅನ್ನಿಸಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಇವನು ಒಮ್ಮೆಯೂ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ, ಮಕ್ಕಳೆಷ್ಟು ಎಂದೂ ಕೇಳಲಿಲ್ಲ. ಕೇಳದವರು ಒಳ್ಳೆಯವರು ಎಂದು ಶಿವಶರಣಪ್ಪ ತೀರ್ಮಾನಿಸಿದ. ಕೇಳುವ ಅಗತ್ಯವೇ ಕಾಣದಷ್ಟು ದೂರದಲ್ಲಿ ತನ್ನನ್ನು ನಿಲ್ಲಿಸಿದ್ದಾರೆ ಎಂದು ಅವನಿಗೆ ಹೊಳೆಯಲಿಲ್ಲ. ಬೆಳ್ಳಗಿರುವುದೆಲ್ಲ ಹಾಲು ಎಂದುಕೊಂಡವರಲ್ಲಿ ಅವನೇ ಮೊದಲಿಗನೂ ಅಲ್ಲ, ಬಿಡಿ.

ಎರಡು ಸಾವಿರದ ನಾಲ್ಕರಲ್ಲಿ ಸೌಂದರ್ಯಾಳಿಗೆ ಎರಡೂ ಕಡೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಒಳ್ಳೆಯ ಅಂಕದ ಹುಡುಗಿ, ಎರಡೂ ಕಡೆ ಅರ್ಧ ಫೀಸು ಮಾಫಿ. ಅವಳ ಮನಸ್ಸು ಕಮಲಾಕರದ ಮೇಲಿತ್ತು. ಮಲ್ಕಾಜ್‌ಗಿರಿಯಿಂದ ಬಸ್ಸಿನಲ್ಲಿ ಹೋಗಿಬರಬಹುದು, ಅಲ್ಲಿ ಬೀದಿನಾಟಕದ ತಂಡ ಇದೆ, ಅವಳಿಗೆ ಹಾಡುವ ಹುಚ್ಚು.

“ಅಲ್ಲಿ ಬರೇ ಪುಂಡರು ಅದಾರವ್ವ,” ಎಂದ ಶಿವಶರಣಪ್ಪ. “ಎರಡೂ ಕಡಿ ಹುಡುಗೂರ್ನ ನಾ ನೋಡೀನಿ. ಮನಿಶ್ಯಾರ ಅಂದ್ರ ವಜ್ರಗಿರಿಯವ್ರು. ಎಷ್ಟ್ ನಯಾ, ಎಷ್ಟ್ ವಿನಯಾ!”

“ನಿನ್ನ ಅಂಗಡ್ಯಾಗ ನಯಾ ಇರ್ತಾರಪ್ಪಾ. ಅಲ್ಲಿ ಹೆಂಗ ಇರ್ತಾರೋ ಯಾರಿಗೆ ಗೊತ್ತು?”

“ನನ್ನ ಕಣ್ಣಳತಿ ಎಂದಾರ ತಪ್ಪೈತೇನು?”

ತಪ್ಪಿರಲಿಲ್ಲ, ಕೋಟಿನ ವಿಷಯದಲ್ಲಿ. ಹುಡುಗಿ ವಜ್ರಗಿರಿಯ ಹಾಸ್ಟೆಲ್ಲಿಗೆ ಹೋದಳು.

ಸಿಗ್ಮಾ ಕೋಟಿಗೆ ಒಂದು ಪದ್ಧತಿಯಿತ್ತು. ಆಯ್ಕೆಯಾದವರ ಹೆಸರು ಒಂದು ಸಮಾರಂಭದ ದಿನ ಹೊರಬೀಳಬೇಕು, ಅಲ್ಲಿಯ ತನಕ ಗುಟ್ಟು. ಕೋಟನ್ನು ತೊಡಿಸುವಾಗ ಒಳಜೇಬಿನ ಮೇಲೆ ದಾರದಲ್ಲಿ ಕಸೂತಿ ಮಾಡಿದ ಹೆಸರನ್ನು ಓದಿ ಕೂಗುತ್ತಾರೆ. ಹಾಗಾಗಿ ಮೂವತ್ತೂ ಜನರ ಅಳತೆಯನ್ನು ಮೊದಲು ತೆಗೆದುಕೊಳ್ಳುವುದು, ಆಮೇಲೆ ಹನ್ನೆರಡು ಹೆಸರಿನ ಪಟ್ಟಿ ಮುಚ್ಚಿದ ಲಕೋಟೆಯಲ್ಲಿ ದರ್ಜಿಗೆ ಬರುವುದು. ಹದಿನೈದು ದಿನ ಆ ಹೆಸರುಗಳು ದರ್ಜಿಯ ಹೊಟ್ಟೆಯಲ್ಲಿ ಇರಬೇಕು. ಹೆಸರಿನ ಕಸೂತಿ ಮಾಡುತ್ತಿದ್ದವಳು ಸೌಂದರ್ಯಾ, ಒಂಬತ್ತನೆಯ ತರಗತಿಯಿಂದಲೂ. ಅಪ್ಪನ ಕಣ್ಣಿಗೆ ಅಷ್ಟು ಸಣ್ಣ ಕೆಲಸ ಆಗುತ್ತಿರಲಿಲ್ಲ. ಅವಳು ಮನೆಯಲ್ಲಿ ಕೂತು ಹೊಲಿದು ಕಳಿಸುತ್ತಿದ್ದಳು. ಋಷಭ್ ಆಗಲಿ ಇನ್ನೊಬ್ಬರಾಗಲಿ ಅವಳನ್ನು ಅಂಗಡಿಯಲ್ಲಿ ಕಂಡವರಲ್ಲ. ಅವಳ ಮೊದಲ ವರ್ಷದಲ್ಲಿ ವಜ್ರಗಿರಿಯ ಆ ಹನ್ನೆರಡು ಹೆಸರು ಮೊದಲು ಗೊತ್ತಾದದ್ದು ಅವಳಿಗೇ. ಆ ಕೋಟು ಮೈಮೇಲೆ ಬಿದ್ದ ಮಾರನೆಯ ದಿನದಿಂದ ಮನುಷ್ಯರ ನಡಿಗೆ ಹೇಗೆ ಬದಲಾಗುತ್ತದೆ ಎಂಬುದನ್ನೂ ಅವಳು ಹತ್ತಿರದಿಂದ ನೋಡಿದಳು. ಹಾಡು, ನಾಟಕ ಎಲ್ಲ ಮರೆತಳು. ತನಗೂ ಅದು ಬೇಕು ಅನಿಸಿತು. ಅಪ್ಪ ಕಳಿಸಿದ ಜಾಗದಲ್ಲಿ ಬದುಕಬೇಕಾದರೆ ಬೇರೆ ದಾರಿಯೂ ಇರಲಿಲ್ಲ.

ಎರಡನೆಯ ವರ್ಷ ಸೌಂದರ್ಯಾ ಆ ಮೂವತ್ತರಲ್ಲಿ ಬಂದಳು. ಅವಳ ಕೋಣೆಯ ಗೆಳತಿ ಹರ್ಷಿತಾಳೂ ಬಂದಳು. ಸುದ್ದಿ ಹೇಳಲು ಭಾನುವಾರ ಮನೆಗೆ ಬಂದವಳು, ಊಟ ಆದಮೇಲೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದಳು.

“ಅಪ್ಪಾ, ಮುಂದಿನ ವಾರ ಅಳತಿ ತಗೊಳ್ಳಾಕ ನೀ, ಅವ್ವ ಅಲ್ಲಿಗೆ ಬರ್ತೀರಿ. ಅಲ್ಲಿ ನನ್ನ ಮಾತಾಡಿಸಬ್ಯಾಡ್ರಿ.”

“ಯಾಕವ್ವ?”

“ನಮ್ಮಪ್ಪಂದು ಗಾರ್ಮೆಂಟ್ಸ್ ಲೈನ್ ಅಂತ ಹೇಳೀನಿ. ಸುಳ್ಳೇನಲ್ಲಲಾ?”

ಸುಂದರಾಬಾಯಿ ಸೆರಗು ಬಾಯಿಗಿಟ್ಟುಕೊಂಡಳು. ಶಿವಶರಣಪ್ಪ ನಕ್ಕುಬಿಟ್ಟ. ನಗು ಬರದಿದ್ದರೂ ನಕ್ಕ. ಹುಡುಗಿಯ ಕಣ್ಣಲ್ಲಿ ನೀರಿತ್ತು, ಅದಕ್ಕೆ.

“ಆತೇಳು. ನಾ ಯಾರೋ, ನೀ ಯಾರೋ.”

ಮುಂದಿನ ಭಾನುವಾರ ಗಂಡ ಹೆಂಡತಿ ಲೋಕಲ್ ರೈಲು ಹಿಡಿದು ಹೋದರು. ವಜ್ರಗಿರಿಯ ಅತಿಥಿಗೃಹದ ದೊಡ್ಡ ಕೋಣೆ. ಸೋಫಾಗಳ ಮೇಲೆ ನೀಲಿ ಕೋಟಿನ ದೊಡ್ಡ ಮಕ್ಕಳು, ಗೋಡೆಯ ಉದ್ದಕ್ಕೆ ಸಾಲಾಗಿ ನಿಂತ ಮೂವತ್ತು ಜನ. ಹುಡುಗರ ಅಳತೆ ಶಿವಶರಣಪ್ಪ ತೆಗೆದ. ಹುಡುಗಿಯರದು ಸುಂದರಾಬಾಯಿ ತೆಗೆಯುವುದು, ಅವಳು ಹೇಳಿದ ಅಂಕಿ ಗಂಡ ಬರೆದುಕೊಳ್ಳುವುದು, ಇದು ಪ್ರತಿ ವರ್ಷದ ಪದ್ಧತಿ. ಹತ್ತು ಹುಡುಗಿಯರಾದರು. ಹನ್ನೊಂದನೆಯವಳು ಸೌಂದರ್ಯಾ.

ತಾಯಿ ಮಗಳ ಮುಖ ನೋಡಲಿಲ್ಲ. ಟೇಪು ಬಿಡಿಸಿಕೊಂಡಳು. ಶಿವಶರಣಪ್ಪ ತಲೆ ತಗ್ಗಿಸಿ ಬರೆಯುತ್ತಿದ್ದ, ಒಂದೂವರೆ ತಾಸಿನಿಂದ ಅಂಕಿಯ ಮೇಲೆ ಅಂಕಿ. ಎದುರು ನಿಂತ ಪಾದಗಳನ್ನಷ್ಟೇ ನೋಡಿದ. ಆ ಪಾದ ಕಂಡದ್ದೇ ತಡ, ಟೇಪು ಮೈಗೆ ತಾಗುವ ಮೊದಲೇ, ಅವನ ಬಾಯಿ ತಾನಾಗಿ ಹೇಳಿತು:

“ಭುಜ ಹದಿನಾಲ್ಕೂವರಿ, ತೋಳು ಇಪ್ಪತ್ತೆರಡು, ಉದ್ದ ಇಪ್ಪತ್ನಾಲ್ಕು. ಎಡಭುಜ ಅರ್ಧ ಇಂಚು ಕೆಳಗ, ಪ್ಯಾಡ್ ಹಾಕಬೇಕು.”

ಹೇಳಿದ, ಬರೆದೂಬಿಟ್ಟ. ಐದನೆಯ ತರಗತಿಯಲ್ಲಿ ಹುಡುಗಿ ಮೆಟ್ಟಿಲಿನಿಂದ ಬಿದ್ದು ಕೊರಳೆಲುಬು ಮುರಿದುಕೊಂಡಿದ್ದಳು. ಕೂಡಿದ ಮೇಲೆ ಎಡಭುಜ ಅರ್ಧ ಇಂಚು ಇಳಿಯಿತು. ಅಂದಿನಿಂದ ಅವಳ ಪ್ರತಿ ಲಂಗ ರವಿಕೆ, ಪ್ರತಿ ಚೂಡಿದಾರದ ಎಡಗಡೆ ಅವನೊಂದು ತೆಳುವಾದ ಪ್ಯಾಡ್ ಇಟ್ಟು ಹೊಲಿಯುತ್ತಿದ್ದ. ಅವಳ ಭುಜದಲ್ಲಿ ಒಂದು ಕೊರತೆಯಿದೆ ಎಂದು ಲೋಕದಲ್ಲಿ ಮೂವರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಋಷಭ್ ಸೋಫಾದಿಂದ ಎದ್ದು ಬಂದು ನಗುತ್ತ ಕೇಳಿದ:

“ಅಂಕಲ್, ಟೇಪೇ ಇಡ್ಲಿಲ್ಲ! ಹೇಗೆ ಗೊತ್ತಾಯ್ತು?”

ಇಲ್ಲಿ ಅವನು ಬಚಾವಾಗಬಹುದಿತ್ತು. ‘ಕಣ್ಣಳತೆ’ ಅಂದಿದ್ದರೆ ಸಾಕು, ಅವನ ಕಣ್ಣಳತೆ ಆ ಹುಡುಗರಿಗೂ ಗೊತ್ತಿದ್ದದ್ದೇ. ಎಲ್ಲರೂ ಚಪ್ಪಾಳೆ ತಟ್ಟಿ ಬಿಡುತ್ತಿದ್ದರು. ಆದರೆ ಆ ಕ್ಷಣ ಅವನ ಎದೆಯೊಳಗೆ ಏನೋ ಉಬ್ಬಿ ಬಂತು. ಇಷ್ಟು ಜನ ದೊಡ್ಡವರ ಮಕ್ಕಳ ಸಾಲಿನಲ್ಲಿ ತನ್ನ ಮಗಳು ನಿಂತಿದ್ದಾಳೆ. ಮಂಡಿನೋವು ಕೇಳುವ ಹುಡುಗ ಮುಂದೆ ನಿಂತಿದ್ದಾನೆ. ಒಂದು ಮಾತು ಕಿವಿಗೆ ಹಾಕಿದರೆ ಹುಡುಗಿಗೆ ಅನುಕೂಲವೇ ಆದೀತು.

“ನಮ್ಮ ಮಗಳ್ರೀ ಇಕಿ,” ಎಂದ ಶಿವಶರಣಪ್ಪ. “ಸಣ್ಣಾಕಿ ಇದ್ದಾಗಿಂದ ನಾನ ಹೊಲೀತೀನಿ. ಸ್ವಲ್ಪ ನೋಡ್ಕೋರಿ.”

ಸಾಲಿನ ಕೊನೆಯಲ್ಲಿ ಯಾರೋ ಕಿಸಕ್ಕೆಂದರು. ಋಷಭ್ ಮಾತ್ರ ನಗು ಒಂದಿಷ್ಟೂ ಕೆಡಿಸಿಕೊಳ್ಳದೆ, “ಓ, ಹೌದಾ! ತುಂಬಾ ಸಂತೋಷ ಅಂಕಲ್,” ಎಂದ. ಸೌಂದರ್ಯಾ ಅಪ್ಪನನ್ನು ನೋಡಲಿಲ್ಲ. ಎಡಭುಜವನ್ನು ಮೇಲೆತ್ತಿ ಹಿಡಿದು ಹಾಗೇ ನಿಂತಿದ್ದಳು.

ರೈಲಿನಲ್ಲಿ ಸುಂದರಾಬಾಯಿ ಒಂದೇ ಮಾತು ಆಡಿದಳು: “ಕೂಸು ಕೈಮುಗದು ಹೇಳಿತ್ತು. ನಿಮ್ಮ ನಾಲಗಿಗೆ ಒಂದು ಗುಂಡಿ ಹಚ್ಚಾಕ ಬರಲಿಲ್ಲೇನ್ರಿ?”

“ನೀ ಸುಮ್ಮಕಿರು. ಆ ಹುಡುಗ ಎಷ್ಟ್ ಖುಷಿ ಆದಾ ನೋಡಿದಿಲ್ಲೋ?” ಎಂದ ಶಿವಶರಣಪ್ಪ. ಆದರೂ ಬೇಗಂಪೇಟೆ ದಾಟುವ ತನಕ ಅವನಿಗೆ ಅವಳ ಕಡೆ ತಿರುಗಲು ಆಗಲಿಲ್ಲ.

ವಾರದ ಮೇಲೆ ಲಕೋಟೆ ಬಂತು. ವಜ್ರಗಿರಿಯ ಡ್ರೈವರು ಸಹಿ ಹಾಕಿಸಿಕೊಂಡು ಕೊಟ್ಟುಹೋದ. ಶಿವಶರಣಪ್ಪ ಕೈತೊಳೆದುಕೊಂಡು ಬಿಚ್ಚಿದ. ಏಳು ಹುಡುಗರು, ಐದು ಹುಡುಗಿಯರು. ಪ್ರಜ್ವಲ ಇದ್ದ, ಗಾನವಿ ಇದ್ದಳು, ಹರ್ಷಿತಾ ಇದ್ದಳು. ಕೆಳಗಿನಿಂದ ಮೇಲಕ್ಕೂ ಓದಿದ. ಕಾಗದದ ಹಿಂಭಾಗ ನೋಡಿದ. ಲಕೋಟೆಯೊಳಗೆ ಬೆರಳಾಡಿಸಿದ.

ಮನೆಯಲ್ಲಿ ಹೆಂಡತಿ, “ಐತೇನ್ರಿ ಹೆಸರು?” ಎಂದಳು. “ಇನ್ನಾ ಪಟ್ಟಿ ಬಂದಿಲ್ಲ,” ಎಂದ. ಅದು ಮೊದಲ ಸುಳ್ಳು.

ಮಾರನೆಯ ಬೆಳಿಗ್ಗೆ ಧೈರ್ಯಮಾಡಿ ಋಷಭ್‌ಗೆ ಫೋನು ಮಾಡಿದ. ಹುಡುಗನ ದನಿ ಎಂದಿನಂತೆ ಬೆಣ್ಣೆಯೇ.

“ಅಂಕಲ್, ಸೌಂದರ್ಯಾ ತುಂಬಾ ಬ್ರಿಲಿಯಂಟ್. ಅವಳ ಬಗ್ಗೆ ಯಾರೂ ಒಂದು ಕೆಟ್ಟ ಮಾತೂ ಆಡಿಲ್ಲ. ಆದ್ರೆ ನೋಡಿ, ಶನಿವಾರ ಡಿನ್ನರ್‌ಗೆ ಅವಳು ನಮ್ ಜೊತೆ ಕೂತಿರ್ತಾಳೆ, ಭಾನುವಾರ ನೀವು ಅಳತೆ ತಗೊಳ್ಳೋಕೆ ಅಂತ ಬಂದು ನಿಂತಿರ್ತೀರಾ. ನಿಮಗೇ ಮುಜುಗರ ಅಲ್ವಾ? ನಿಮಗೆ ಬೇಜಾರಾಗಬಾರದು ಅಂತಾನೇ ಎಲ್ರೂ ಯೋಚನೆ ಮಾಡಿದ್ದು. ಮತ್ತೆ ಅಂಕಲ್, ಪಟ್ಟಿ ವಿಷ್ಯ ಗುಟ್ಟಾಗಿರ್ಲಿ, ಪ್ಲೀಸ್.”

“ಆತ್ರೀ,” ಎಂದ ಶಿವಶರಣಪ್ಪ. ಬೈಯಬಹುದಾದಂಥದ್ದು ಆ ಹುಡುಗ ಏನನ್ನೂ ಹೇಳಿರಲಿಲ್ಲ. ಮರ್ಯಾದೆಯಿಂದ ಕೊಯ್ದರೆ ಕೊರಳಿಗೂ ತಡವಾಗಿ ಗೊತ್ತಾಗುತ್ತದೆ.

ಅಂದೇ ಮಧ್ಯಾಹ್ನ ಅಮರಯ್ಯ ಬಂದ. ಕಮಲಾಕರದ ಹಬ್ಬಕ್ಕೆ ನಾಟಕದವರ ಜುಬ್ಬಾ ಆಗಬೇಕಿತ್ತು. ಎಂದಿನಂತೆ ಮೇಜಿನ ಮೇಲೆ ಕೂತು ಡಬ್ಬಿ ತೆರೆದ; ರೊಟ್ಟಿ ಹಾಗೆಯೇ ಇತ್ತು.

“ಯಾಕ್ ಕಾಕಾ, ಉಂಡಿಲ್ಲ?”

ಎದೆಯಲ್ಲಿ ಇಟ್ಟುಕೊಳ್ಳಲಾರದೆ ಶಿವಶರಣಪ್ಪ, ಪಟ್ಟಿಯಲ್ಲಿದ್ದವರ ಹೆಸರು ಎತ್ತದೆ, ಆದದ್ದನ್ನು ಹೇಳಿಬಿಟ್ಟ. ಅಮರಯ್ಯ ರೊಟ್ಟಿ ಕೆಳಗಿಟ್ಟ.

“ನಮ್ಮಲ್ಲೂ ದೇವರಂಥವ್ರು ಯಾರೂ ಇಲ್ರಿ ಕಾಕಾ. ನಮ್ಮಲ್ಲಿ ಜಾತಿ ನೋಡಿ ಓಟ್ ಹಾಕ್ತಾರ. ನಾನೂ ಹಂಗ ಗೆದ್ದಾಂವ. ಖರೇ ಮಾತು. ಆದ್ರ ನಮ್ಮಲ್ಲಿ ಬಾಗಲದಾಗ ನಿಂತು ಜಗಳಾ ತೆಗೀಬಹುದು. ‘ಯಾಕಲೇ ನನ್ನ ತಗೊಳ್ಳಲಿಲ್ಲ’ ಅಂತ ಕಾಲರ್ ಹಿಡದು ಕೇಳಬಹುದು. ಅಲ್ಲಿ ಯಾರ ಕಾಲರ್ ಹಿಡೀತೀರಿ? ಆ ಕಾಲರ್ ಹೊಲದವ್ರೇ ನೀವು.”

ಅಂದು ಅವನು ಚೌಕಾಸಿ ಮಾಡಲಿಲ್ಲ. ಅದೂ ಶಿವಶರಣಪ್ಪನಿಗೆ ಸಂಕಟವೇ ಆಯಿತು.

ಕೋಟಿನ ಕೆಲಸ ಬಿಡುವಂತಿರಲಿಲ್ಲ, ವರ್ಷದ ಅನ್ನ ಅದರ ಮೇಲೆ ನಿಂತಿತ್ತು. ಹನ್ನೆರಡನ್ನೂ ಕತ್ತರಿಸಿದ, ಒಳಗೆ ಅಸ್ತರು ಕೊಟ್ಟ, ಹೊಲಿದ. ಮಗಳಿಗೆ ಮಾತ್ರ ಹೇಳಲಿಲ್ಲ. ಗುಟ್ಟಿನ ಕರಾರು ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕರಾರೂ ಇಲ್ಲ, ಗುಟ್ಟೂ ಇಲ್ಲ. ಹೇಳಲು ಮುಖವಿರಲಿಲ್ಲ, ಅಷ್ಟೇ. ಈ ಸಲ ಹೆಸರಿನ ಕಸೂತಿಗೂ ಅವಳನ್ನು ಕರೆಯದೆ, ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ತಾನೇ ಕೂತ. ಮೊದಲ ಹೆಸರೇ ಕೋಳಿ ಕೆದರಿದಂತಾಯಿತು.

ಶನಿವಾರ ಮಧ್ಯಾಹ್ನ ಸೌಂದರ್ಯಾ ಕರೆಯದೆ ನೇರ ಅಂಗಡಿಗೇ ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

“ಹರ್ಷಿತಾಂದು ಎರಡು ಕುರ್ತಾ, ಸೊಂಟದ ಹತ್ರ ಬಿಗಿ ಮಾಡಬೇಕಂತ,” ಎಂದು ಚೀಲವನ್ನು ಮೇಜಿನ ಮೇಲಿಟ್ಟಳು. “ಇನ್ನೊಬ್ಬಾಕಿ ಜೀನ್ಸ್ ಐತಿ. ಆ ಭಾನುವಾರ ಅಳತಿ ಆದ ಮ್ಯಾಗ ಹಾಸ್ಟೆಲಿನ್ಯಾಗ ಎಲ್ಲಾರ ಬಟ್ಟಿ ನನ್ನ ಕೋಣಿಗೇ ಬರಾಕತ್ತಾವ ಅಪ್ಪಾ.”

ಅವನು ಚೀಲ ನೋಡುತ್ತ ಕೂತ. ಅವಳು ಕೈಕಾಲು ತೊಳೆದು ಬಂದು, “ಪಟ್ಟಿ ಕೊಡು, ಹೆಸರು ಹಾಕ್ತೀನಿ,” ಎಂದಳು. ದನಿಯಲ್ಲಿ ಇನ್ನೂ ಸ್ವಲ್ಪ ಆಸೆ ಉಳಿದಿತ್ತು.

“ಈ ಸಲ ನಾನ ಹಾಕ್ತೀನೇಳವ್ವ. ನಿನಗ ತೋರಸಂಗಿಲ್ಲ.”

ಸೌಂದರ್ಯಾ ಮತ್ತೆ ಕೇಳಲಿಲ್ಲ. ದರ್ಜಿಯ ಮಗಳಿಗೆ ಪಟ್ಟಿ ಯಾಕೆ ಬೇಕು? ಗೋಡೆಯ ಕೋಲಿಗೆ ತೂಗುಹಾಕಿದ್ದ ಕೋಟುಗಳ ಹತ್ತಿರ ಹೋದಳು. ಹುಡುಗಿಯರ ಐದು ಕೋಟನ್ನು ಬೇರೆ ಸರಿಸಿಕೊಂಡಳು. ಮೊದಲನೆಯದರ ಎಡಭುಜವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿ ನೋಡಿದಳು. ಆಮೇಲೆ ಎರಡನೆಯದು, ಮೂರನೆಯದು. ಐದೂ ನೋಡಿದಳು. ಎಡಕ್ಕೂ ಬಲಕ್ಕೂ ಒಂದೇ ದಪ್ಪ. ಎಲ್ಲಿಯೂ ಹೆಚ್ಚಿನ ಪ್ಯಾಡ್ ಇರಲಿಲ್ಲ.

ಶಿವಶರಣಪ್ಪ ಇದನ್ನೆಲ್ಲ ನೋಡುತ್ತಿದ್ದ. ಎದ್ದು ಹೋಗಿ ಅವಳ ಕೈ ಹಿಡಿಯಬೇಕೆನಿಸಿತು, ಪಟ್ಟಿಯನ್ನು ಇನ್ನೊಂದು ಮಡಿಕೆ ಮಡಿಚಿದ.

ಅವಳು ಕೋಟುಗಳನ್ನು ಸಾಲಾಗಿ ಮತ್ತೆ ಸರಿಪಡಿಸಿದಳು. ಬಂದು ಎದುರಿನ ಮಣೆಯ ಮೇಲೆ ಕೂತು, ಅಪ್ಪ ಹಾಕಿದ ಸೊಟ್ಟ ಹೆಸರನ್ನು ಬಿಚ್ಚಿದಳು, ಸೂಜಿಗೆ ಬಂಗಾರದ ಬಣ್ಣದ ದಾರ ಪೋಣಿಸಿದಳು.

“ಓದ್ತಾ ಹೋಗಪ್ಪಾ.”

“ಬ್ಯಾಡವ್ವ...”

“ಎಂಟು ದಿನದ ಮ್ಯಾಗ ಕೊಡಬೇಕಲಾ? ಓದು.”

ಅವನು ಓದಿದ. ಪ್ರಜ್ವಲ. ಗಾನವಿ. ಒಂದೊಂದು ಹೆಸರಿಗೂ ಅವಳು ತಲೆಯಾಡಿಸಿದಳು, ಹೌದು ಇವರೇ ಆಗಬೇಕಿತ್ತು ಎಂಬಂತೆ. ಹರ್ಷಿತಾ ಎಂದು ಓದಿದ. ಅವಳ ಸೂಜಿ ಅಲ್ಲಿ ಅರೆಕ್ಷಣ ನಿಂತು ಮುಂದಕ್ಕೆ ಹೋಯಿತು. ಅಂದು ಆರು ಹೆಸರಾಯಿತು, ಮರುದಿನ ಮನೆಯಲ್ಲಿ ಕೂತು ಉಳಿದ ಆರು. ಅಷ್ಟು ಚೆಂದದ ಕಸೂತಿಯನ್ನು ಅವಳು ಅದಕ್ಕೆ ಮುಂಚೆ ಎಂದೂ ಹಾಕಿರಲಿಲ್ಲ. ಸುಂದರಾಬಾಯಿ ಒಳಗಿನಿಂದ ಎರಡು ಸಲ ಬಂದು ನೋಡಿ ಹೋದಳು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಪ್ಪ ತಪ್ಪಾಯಿತು ಎಂದು ಹೇಳಲಿಲ್ಲ. ಮಗಳು ಬೈಯಲಿಲ್ಲ. ಬೈದಿದ್ದರೆ ಅವನು ಒಂದು ವಾರ ಅತ್ತು ಹಗುರಾಗುತ್ತಿದ್ದ. ಆ ಉಪಕಾರವನ್ನು ಅವಳು ಮಾಡಲಿಲ್ಲ.

ಸಮಾರಂಭ ಮುಗಿಯಿತು. ಅದರ ಮುಂದಿನ ಶನಿವಾರ ಸೌಂದರ್ಯಾ ಅಂಗಡಿಯಲ್ಲಿ ಕೂತು ಹರ್ಷಿತಾಳ ಕುರ್ತಾಕ್ಕೆ ಇಸ್ತ್ರಿ ಮಾಡುತ್ತಿದ್ದಾಗ ಶಿವಶರಣಪ್ಪನ ಫೋನು ರಿಂಗಾಯಿತು. ಋಷಭ್. ಆ ಹುಡುಗನ ದನಿ ಫೋನಿನಿಂದಾಚೆಗೂ ಕೇಳುವಷ್ಟು ಖುಷಿಯಾಗಿತ್ತು.

“ಅಂಕಲ್, ಕೋಟು ಸೂಪರ್! ಅದರಲ್ಲೂ ಆ ಹೆಸರುಗಳು! ನಮ್ ಚೇರ್ಮನ್ ಸರ್ ಒಂದು ಕೋಟು ಬಿಚ್ಚಿಸಿ, ಹತ್ತಿರ ಇಟ್ಕೊಂಡು ನೋಡಿದ್ರು. ಇಂಥ ಕೈಕೆಲಸ ಹೈದರಾಬಾದಲ್ಲಿ ಯಾರು ಮಾಡ್ತಾರೆ ಅಂತ ಕೇಳಿದ್ರು. ಯಾರು ಅಂಕಲ್ ಮಾಡಿದ್ದು?”

ಶಿವಶರಣಪ್ಪ ಮಗಳ ಕಡೆ ನೋಡಿದ. ಅವಳು ತಲೆಯೆತ್ತಿರಲಿಲ್ಲ, ಆದರೆ ಇಸ್ತ್ರಿಪೆಟ್ಟಿಗೆ ಬಟ್ಟೆಯಿಂದ ಮೇಲೆ ಎತ್ತಿ ಹಿಡಿದಂತೆಯೇ ಇತ್ತು. ‘ನಮ್ಮ ಮಗಳ್ರೀ’ ಎನ್ನುವ ಎರಡು ಮಾತು ನಾಲಗೆಯ ತುದಿಗೆ ಬಂದು ನಿಂತವು. ಅಂದು ಬೇಡವೆಂದರೂ ಹೊರಬಿದ್ದ ಮಾತು. ಇಂದು ಅದನ್ನು ಎದೆಯುಬ್ಬಿಸಿ ಹೇಳಿದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

“ಕೂಲಿಯಾಕಿ ಒಬ್ಬಾಕಿ ಅದಾಳ್ರಿ,” ಎಂದ. “ಕೊಟ್ಟ ಕೆಲಸ ಮಾಡಿ ಹೋಗ್ತಾಳ್ರಿ.”

ಫೋನು ಇಟ್ಟ. ಸೌಂದರ್ಯಾ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲಿಟ್ಟು, ಕುರ್ತಾದ ತೋಳನ್ನು ಅಂಚಿನ ತನಕ ನೀಟಾಗಿ ಎಳೆದಳು.

“ಈಗ ಬರೋಬ್ಬರಿ ಹೇಳಿದಿ ನೋಡಪ್ಪಾ,” ಎಂದಳು.